ಸೈಕಲ್ ಸ್ಟ್ಯಾಂಡಿನ ಕೆಳಗೆ ಜನರೇಟರ್

ಜನರೇಟರ್ ಮೊದಲು ಬಂತು, ಅದಕ್ಕೊಂದು ಸೂರು ಆಮೇಲೆ ಬಂತು. ಆಗಬೇಕಾಗಿದ್ದದ್ದು ತಿರುವುಮುರುವು. ಆದರೆ ನಮ್ಮ ಮಾಲೀಕರು ಸೆಕೆಂಡ್ ಹ್ಯಾಂಡ್ ಮಾಲು ಕಣ್ಣಿಗೆ ಬಿದ್ದರೆ ಕೈಕಟ್ಟಿ ಕೂರುವವರಲ್ಲ. ಎಲ್ಲೋ ಬಾಗಿಲು ಹಾಕಿದ್ದ ಐಸ್ ಫ್ಯಾಕ್ಟರಿಯೊಂದರ ಡೀಸೆಲ್ ಜನರೇಟರ್ ಕೊಂಡುಬಿಟ್ಟರು. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಅದನ್ನಿಡಲು ಜಾಗವಿರಲಿಲ್ಲ. ಲಾರಿಯನ್ನು ನೇರವಾಗಿ ಊರಿನ ಇನ್ನೊಂದು ತುದಿಗೆ, ಹೂಡಿಯಿಂದ ಪಟ್ಟಂದೂರು ಅಗ್ರಹಾರದ ಕಡೆಗೆ ಹೋಗುವ ರಸ್ತೆಯ ಪಕ್ಕ ತಾವು ಹೊಸದಾಗಿ ಕೊಂಡಿದ್ದ ಬಯಲಿಗೆ ಕಳಿಸಿದರು. ಅದರ ಹಿಂದೆಯೇ ನನ್ನನ್ನೂ ಕಳಿಸಿದರು.

ಅವು ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮದು ಟ್ರಾನ್ಸ್‌ಫಾರ್ಮರಿಗೆ ಕಾಯಿಲ್ ಸುತ್ತುವ ಸಣ್ಣ ಕಾರ್ಖಾನೆ, ಅಲ್ಲಿ ಮೇಂಟೆನೆನ್ಸ್ ನನ್ನ ಪಾಲಿನ ಕೆಲಸ. ಪೀಣ್ಯದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಸ್ವಂತ ಜನರೇಟರ್ ಇರುವ ಜಾಗದಲ್ಲೇ ಹೊಸ ಯೂನಿಟ್ ಕಟ್ಟುವುದು ಮಾಲೀಕರ ಲೆಕ್ಕಾಚಾರ. ಮಳೆಗಾಲ ಹಿಡಿಯುವುದರೊಳಗೆ ಜನರೇಟರ್ ಸೆಟ್ಟನ್ನು ಸೂರಿನಡಿ ನಿಲ್ಲಿಸಿ ಓಡಿಸಿ ತೋರಿಸುವುದು ನನ್ನ ಹೊಣೆ.

"ಇಂಜಿನ್ ನೆನೆದ್ರೆ ಒರೆಸ್ಕೋಬೋದು ಕಣ್ರೀ. ಆಲ್ಟರ್ನೇಟರ್ ನೆನೀಬಾರ್ದು. ಅದರ ವೈಂಡಿಂಗ್ ಸುಟ್ಟೋಯ್ತು ಅಂದ್ರೆ ಹೊಸ ಯೂನಿಟ್ಟೂ ಇಲ್ಲ, ನೀವೂ ಇಲ್ಲ," ಎಂದು ಹೇಳಿ ಮಾಲೀಕರು ಸ್ಕೂಟರ್ ಏರಿ ಹೋದರು. ನಕ್ಕುಕೊಂಡೇ ಹೇಳಿದರು. ಆದರೆ ಅವರು ನಕ್ಕುಕೊಂಡು ಹೇಳಿದ್ದನ್ನೆಲ್ಲ ಮಾಡಿಯೇ ತೀರುವವರು ಎಂದು ನನಗೆ ಗೊತ್ತಿತ್ತು.

ಆಲ್ಟರ್ನೇಟರ್ ಎಂದರೆ ಸೆಟ್ಟಿನಲ್ಲಿ ಕರೆಂಟು ಹುಟ್ಟಿಸುವ ಅರ್ಧ ಭಾಗ. ಒಳಗೆ ವಾರ್ನಿಶ್ ಕುಡಿದ ತಾಮ್ರದ ತಂತಿಯ ಸುರುಳಿಗಳು. ಗಾಳಿಯಾಡಲೆಂದು ಮೈಮೇಲೆ ಜಾಲರಿ ಕಿಂಡಿಗಳು. ಆ ಕಿಂಡಿಯಿಂದ ನೀರು ಒಳಗಿಳಿದ ಮೇಲೆ ಒಣಗಿಸದೆ ಓಡಿಸಿದರೆ ಸುರುಳಿ ಸುಟ್ಟು ಕರಕಲಾಗುತ್ತದೆ.

ನಾನು ಮಾತಿಲ್ಲದೆ ಬದುಕುವ ಪ್ರಾಣಿಯಲ್ಲ. ಮದುವೆಯ ವಯಸ್ಸು ಜಾರಿಹೋಗಿತ್ತು. ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದದ್ದು ಸೀಮೆಎಣ್ಣೆ ಸ್ಟೌ ಮತ್ತು ರೇಡಿಯೊ. ಆದರೆ ಪೀಣ್ಯದ ಶೆಡ್ಡಿನಲ್ಲಿ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ನನ್ನ ಚಿತ್ರಾನ್ನ ಯಾರ ಬಾಯಿಗೋ, ಯಾರದೋ ಮನೆಯ ಹುಳಿ ನನ್ನ ಬಾಯಿಗೆ. ಹೂಡಿಯ ಬಯಲಲ್ಲಿ ಮೊದಲ ದಿನ ಡಬ್ಬಿ ಬಿಚ್ಚಿದಾಗ ಚಿತ್ರಾನ್ನ ಪೂರ್ತಿ ನನಗೊಬ್ಬನಿಗೇ ಉಳಿಯಿತು. ಅರ್ಧಕ್ಕೇ ಸಾಕಾಗಿ ಡಬ್ಬಿ ಮುಚ್ಚಿದೆ. ರಾತ್ರಿ ಕಾವಲಿಗೆ ಹಳ್ಳಿಯವನೊಬ್ಬ ಬರುತ್ತಿದ್ದ. ಅವನು ಬರುವ ಹೊತ್ತಿಗೆ ನಾನು ಹೊರಡುವ ಹೊತ್ತು. ಹಗಲೆಲ್ಲ ಟಾರ್ಪಾಲು ಹೊದ್ದ ಜನರೇಟರ್ ಮತ್ತು ನಾನು. ನಾಲ್ಕನೆಯ ದಿನವೋ ಐದನೆಯ ದಿನವೋ ನಾನು ಅದರ ಜೊತೆ ಮಾತಾಡುತ್ತಿರುವುದು ನನಗೇ ಕೇಳಿಸಿ ನಾಚಿಕೆಯಾಯಿತು.

ಸೂರಿಗಾಗಿ ಹುಡುಕಾಟ ಶುರುವಾಯಿತು. ಹೊಸ ಕಬ್ಬಿಣದಲ್ಲಿ ಮಾಡಿಸುವುದು ಮಾಲೀಕರ ಜಾಯಮಾನಕ್ಕೆ ಒಗ್ಗದ ಮಾತು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಹಳೆಯ ಸೈಕಲ್ ಸ್ಟ್ಯಾಂಡ್ ಕೆಡವಿ ಹರಾಜಿಗೆ ಹಾಕಿದ್ದರು. ಕೆಲಸಗಾರರು ಸೈಕಲ್ ಬಿಟ್ಟು ಕಂಪನಿ ಬಸ್ಸಿಗೂ ಸ್ಕೂಟರಿಗೂ ಬಡ್ತಿ ಪಡೆದಿದ್ದ ಕಾಲ. ನಾನು ಹೋಗಿ ನೋಡಿದೆ. ಪೈಪಿನ ಕಂಬಗಳು, ಆಂಗಲ್ ಕಬ್ಬಿಣದ ತೊಲೆಗಳು, ಒಂದೇ ಕಡೆಗೆ ಇಳಿಜಾರಿನ ಅಲೆಅಲೆ ತಗಡು, ಸೈಕಲ್ಲಿನ ಮುಂದಿನ ಚಕ್ರ ಸಿಕ್ಕಿಸಲು ಮೊಳಕಾಲೆತ್ತರದಲ್ಲಿ ಉದ್ದಕ್ಕೂ ಒಂದು ಪೈಪ್. ತಗಡಿಗೆ ತುಕ್ಕು ಅಂಚಿನಲ್ಲಷ್ಟೇ ಹಿಡಿದಿತ್ತು. ಕಂಬ ಬಡಿದರೆ ಗಟ್ಟಿ ದನಿ ಬಂತು. ಇದೇ ಸರಿ ಎಂದೆ. ಮಾಲೀಕರು ಖುಷಿಯಾಗಿ ಕೂಗಿಬಿಟ್ಟರು, ಹರಾಜು ನಮ್ಮದಾಯಿತು.

ಮಾಲು ಬಯಲಿಗೆ ಬಂದು ಇಳಿದ ಮೇಲೆ ನನ್ನ ಪೆದ್ದುತನ ಗೊತ್ತಾಯಿತು. ಕೆಡವಿದವರು ಕಂಬಗಳನ್ನು ಅಗೆದು ತೆಗೆದಿರಲಿಲ್ಲ, ನೆಲಮಟ್ಟಕ್ಕೆ ಗ್ಯಾಸಿನಲ್ಲಿ ಕತ್ತರಿಸಿದ್ದರು. ನೆಲದೊಳಗಿನ ಭಾಗ ಅಲ್ಲೇ ಕಾಂಕ್ರೀಟಿನಲ್ಲಿ ಉಳಿದಿತ್ತು. ಈಗ ಉಳಿದ ಕಂಬವನ್ನೇ ಮತ್ತೆ ಹೂತರೆ ಸೂರಿನ ಎತ್ತರ ಸೈಕಲ್ಲಿಗೆ ಸಾಲುತ್ತದೆ, ಸೈಲೆನ್ಸರ್ ಏರಿಸಿಕೊಂಡು ನಿಲ್ಲುವ ಜನರೇಟರಿಗೆ ಸಾಲುವುದಿಲ್ಲ. ಪೀಣ್ಯದಿಂದ ನಾನು ಕರೆದುಕೊಂಡು ಬಂದಿದ್ದ ಫ್ಯಾಬ್ರಿಕೇಟರ್ ಕಂಬದ ತುದಿಯನ್ನು ಬೆರಳಿನಿಂದ ಸವರಿ ನಕ್ಕ.

"ಸಾರ್, ಪ್ಯಾಂಟ್ ತಗೊಂಡ್ರಿ, ಕಾಲು ಕಟ್ ಮಾಡಿದ್ದು ನೋಡ್ಲಿಲ್ಲ."

"ಪೈಪ್ ಸೇರಿಸಿ ವೆಲ್ಡ್ ಮಾಡೋಣ?"

"ಮಾಡ್ಬೋದು. ಗಾಳಿ ಬಂದ್ರೆ ಆ ಜಾಯಿಂಟೇ ಮೊದಲು ಮುರಿಯೋದು. ನನ್ನ ಹೆಸರು ಹೇಳ್ಬೇಡಿ ಆಮೇಲೆ."

ಇಬ್ಬರೂ ಬಿಸಿಲಲ್ಲಿ ಕೂತು ಕಡ್ಡಿಯಿಂದ ಮಣ್ಣಿನ ಮೇಲೆ ಗೀಚಿ ಅಳಿಸಿ ಒಂದು ನಿರ್ಧಾರಕ್ಕೆ ಬಂದೆವು. ಕಂಬ ಹೂಳುವುದೇ ಬೇಡ. ಪ್ರತಿ ಕಂಬದ ಕೆಳಗೂ ಸೊಂಟದೆತ್ತರದ ಕಾಂಕ್ರೀಟ್ ದಿಂಡು ಎಬ್ಬಿಸಿ, ಅದರಲ್ಲಿ ಬೋಲ್ಟ್ ನೆಟ್ಟು, ಕಂಬದ ಬುಡಕ್ಕೆ ದಪ್ಪ ಪ್ಲೇಟ್ ವೆಲ್ಡ್ ಮಾಡಿ ಕೂರಿಸುವುದು. ಕಾಂಕ್ರೀಟ್ ಹಾಕುವಾಗ ಬೋಲ್ಟುಗಳು ಅಲುಗದಂತೆ ಹಲಗೆಗೆ ತೂತು ಕೊರೆದು ಅಚ್ಚು ಮಾಡಿದೆ. ಆದರೂ ಎರಡು ದಿಂಡಿನಲ್ಲಿ ಬೋಲ್ಟು ಜರುಗಿತು, ಪ್ಲೇಟಿನ ತೂತನ್ನು ಗ್ಯಾಸಿನಲ್ಲಿ ಹಿಗ್ಗಿಸಿ ಒಳಗೆ ತೂರಿಸಬೇಕಾಯಿತು. ತಗಡಿನ ಹಳೆಯ ತೂತುಗಳಿಗೆ ಡಾಂಬರು ಮೆತ್ತಿದ ಗೋಣಿಬಟ್ಟೆಯ ತುಂಡು ಅಂಟಿಸಿದೆವು. ದಿಂಡು ನೆನೆಸಲು ದಿನಾ ನೀರು ಹೊತ್ತು ಹಾಕಿದವನು ನಾನೇ.

ಸೂರಿನ ಬೆನ್ನು ಪಡುವಣಕ್ಕೆ, ಮುಖ ಮೂಡಣಕ್ಕೆ ಎಂದು ನಾನು ನಿಶ್ಚಯಿಸಿದ್ದೆ. ಮುಂಗಾರು ಪಡುವಣದಿಂದ ಬೀಸುತ್ತದೆ, ಆ ಕಡೆ ತಗಡಿನ ಗೋಡೆ ಕಟ್ಟಿದರಾಯಿತು. ಮೂಡಣದಲ್ಲಿ ರಸ್ತೆ. ಆ ಕಡೆ ತೆರೆದಿದ್ದರೆ ಜನರೇಟರನ್ನು ಪೈಪ್ ಉರುಳೆಗಳ ಮೇಲೆ ಹಾಗೇ ಒಳಕ್ಕೆ ತಳ್ಳಬಹುದು. ಚಕ್ರ ಸಿಕ್ಕಿಸುವ ಪೈಪನ್ನು ಜನರೇಟರ್ ನಿಲ್ಲುವ ಅಂಕಣದಲ್ಲಿ ಮಾತ್ರ ಬಿಟ್ಟು, ಉಳಿದ ಅಂಕಣಗಳಲ್ಲಿ ಕಂಬಗಳಿಗೆ ಬಿಗಿ ಸಿಗಲೆಂದು ದಿಂಡುಗಳ ನಡುವೆ ಮತ್ತೆ ಮೊಳಕಾಲೆತ್ತರದಲ್ಲೇ ಅಡ್ಡಕ್ಕೆ ಉಳಿಸಿಕೊಂಡೆ.

ಕೊನೆಯ ತಗಡು ಬಿಗಿದು, ಸೆಟ್ಟನ್ನು ಒಳಕ್ಕೆ ತಳ್ಳಿಸಿಕೊಟ್ಟು ಫ್ಯಾಬ್ರಿಕೇಟರ್ ಹೊರಟುಹೋದ ಮರುದಿನ ಸಂಜೆ ನಾನು ಇಂಜಿನ್ನಿನ ಕೆಳಗೆ ಮಲಗಿ ಅಡಿಪಾಯದ ಬೋಲ್ಟ್ ಬಿಗಿಯುತ್ತಿದ್ದೆ. ಯಾರೋ ಮಾತಾಡುವುದು ಕೇಳಿಸಿತು. ಎದ್ದು ನೋಡಿದರೆ ಸೈಕಲ್ ಪೈಪಿನ ಮೇಲೆ ಸಾಲಾಗಿ ಜನ ಕೂತಿದ್ದಾರೆ. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ, ಹಾಲಿನ ಕ್ಯಾನು. ಬುಟ್ಟಿಯ ಒಡತಿ, ನನಗಿಂತ ಹಿರಿಯ ಹೆಂಗಸು, ನನ್ನ ಗ್ರೀಸ್ ಮೆತ್ತಿದ ಮುಖ ನೋಡಿ ಸ್ವಲ್ಪವೂ ಗಾಬರಿಯಾಗಲಿಲ್ಲ.

"ಬಸ್ ಯಾವಾಗ್ ಬತ್ತದೆ ಸಾ?"

"ಬಸ್ಸಾ? ಇದು ಬಸ್ ಸ್ಟ್ಯಾಂಡ್ ಅಲ್ಲಮ್ಮ."

ಆಕೆ ತಲೆಯೆತ್ತಿ ತಗಡು ನೋಡಿದರು, ಕೂತ ಪೈಪ್ ನೋಡಿಕೊಂಡರು, ರಸ್ತೆ ನೋಡಿದರು. "ಇನ್ನೇನಿದು ಮತ್ತೆ?" ಎಂದರು.

ತಪ್ಪು ಅವರದಲ್ಲ. ರಸ್ತೆ ಪಕ್ಕ, ರಸ್ತೆಗೆ ಮುಖ ಮಾಡಿದ ಸೂರು, ಕೂರಲು ಪೈಪ್. ಅದುವರೆಗೆ ಅವರು ಹೂಡಿಯ ಕಡೆಗಿದ್ದ ಹೊಂಗೆ ಮರದ ಕೆಳಗೆ ನಿಂತು ಬಸ್ಸು ಹಿಡಿಯುತ್ತಿದ್ದರಂತೆ. ಸರ್ಕಾರದ ಕಣ್ಣು ಕಡೆಗೂ ತಮ್ಮ ಮೇಲೆ ಬಿತ್ತು ಎಂದುಕೊಂಡು ಇಲ್ಲಿಗೆ ನಡೆದುಬಂದಿದ್ದರು. ನಾನು ಬಿಡಿಸಿ ಹೇಳುವಷ್ಟರಲ್ಲಿ ವೈಟ್‌ಫೀಲ್ಡ್ ಕಡೆಯಿಂದ ಕೆಂಪು ಬಸ್ಸು ಬಂತು. ಅವರೆಲ್ಲ ಎದ್ದು ಕೈ ಅಡ್ಡ ಹಾಕಿದರು. ಅದು ನಿಂತೂ ನಿಂತಿತು. ಮೆಟ್ಟಿಲಿನಲ್ಲಿ ನೇತುಬಿದ್ದಿದ್ದ ಕಂಡಕ್ಟರು "ಎಷ್ಟ್ ಜನ?" ಎಂದು ಕೂಗಿದರು. ನನ್ನದೂ ಅದೇ ಬಸ್ಸು. ನಾನು ಕೈ ಒರೆಸಿಕೊಂಡು ಚೀಲ ಎತ್ತಿಕೊಳ್ಳುತ್ತಿದ್ದೆ.

"ಸಾರ್ ಸೇರಿ ಆರು ಜನ!" ಎಂದು ಸೊಪ್ಪಿನಮ್ಮ ಕೂಗಿದರು.

ಎಷ್ಟೋ ದಿನಗಳ ಮೇಲೆ ಯಾರೋ ನನ್ನನ್ನು ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. ನನಗೆ ಬಹಳ ಹಿತವಾಯಿತು. ಅದನ್ನು ಹೇಳಿಕೊಳ್ಳಲು ಯಾವ ಸಂಕೋಚವೂ ಇಲ್ಲ.

ಹಾಗಾಗಿ ನಾನು ಅವರನ್ನು ಓಡಿಸಲಿಲ್ಲ. ಸಂಜೆಯಾಗುತ್ತಲೇ ಬರುತ್ತಿದ್ದರು. ಸೊಪ್ಪಿನಮ್ಮ ಪಟ್ಟಂದೂರು ಅಗ್ರಹಾರದವರು. ಮಧ್ಯಾಹ್ನ ಸೊಪ್ಪು ಕಿತ್ತು ಕಟ್ಟು ಕಟ್ಟಿ, ಮಾರತ್ತಹಳ್ಳಿಯಲ್ಲಿ ಇಳಿದು, ಅಲ್ಲಿನ ಫ್ಯಾಕ್ಟರಿಯ ಕ್ವಾರ್ಟರ್ಸ್ ಬಾಗಿಲುಗಳಲ್ಲಿ ಮಾರುತ್ತಿದ್ದರು. ನಾನು ಚಿತ್ರಾನ್ನ ಅರ್ಧ ಉಳಿಸುವುದು ಅವರ ಕಣ್ಣಿಗೆ ಬಿದ್ದು, ಒಂದು ದಿನ ರಾಗಿ ರೊಟ್ಟಿ ತಂದುಕೊಟ್ಟು, "ನಿಮ್ ಅನ್ನ ಇಲ್ಲಿ ತನ್ನಿ, ಅಟ್ಟೀಲಿ ಮೊಮ್ಮಗ ತಿಂತಾನೆ," ಎಂದು ಡಬ್ಬಿ ಖಾಲಿ ಮಾಡಿಕೊಂಡರು. ಜನರೇಟರನ್ನು ಅವರು ಮಿಷನ್ ಎನ್ನುತ್ತಿದ್ದರು. ಅದಕ್ಕೆ ಏನು ಕುಡಿಸುತ್ತೀರಿ, ರಾತ್ರಿ ಒಬ್ಬೊಂಟಿ ಬಿಟ್ಟು ಹೋಗುತ್ತೀರಲ್ಲ ಎಂದೆಲ್ಲ ವಿಚಾರಿಸುತ್ತಿದ್ದರು.

ಒಮ್ಮೆ ಮಾಲೀಕರು ಬಂದು ಈ ದರ್ಬಾರು ನೋಡಿ, "ಏನ್ರೀ, ನಂಗೆ ಶೆಡ್ ಹಾಕಿ ಅಂದ್ರೆ ಊರಿಗೆ ಬಸ್ ಸ್ಟ್ಯಾಂಡ್ ಕಟ್ಟಿದೀರಾ?" ಎಂದು ನಕ್ಕರು. ಹೋಗುವಾಗ ಮಾತ್ರ ಆಲ್ಟರ್ನೇಟರಿನ ಮೇಲೆ ಕೈಯಿಟ್ಟು, "ಹುಷಾರು," ಎಂದರು.

ಮೇ ತಿಂಗಳಲ್ಲಿ ಸಂಜೆ ಮಳೆ ಶುರುವಾಯಿತು. ಅದು ಮೂಡಣದಿಂದ ಬಂತು. ಮುಂಗಾರಿನ ಲೆಕ್ಕ ಹಾಕಿದ್ದ ನಾನು ಅದಕ್ಕೆ ಮೊದಲು ಬರುವ ಗುಡುಗು ಮಳೆಯ ಲೆಕ್ಕವನ್ನೇ ಬಿಟ್ಟಿದ್ದೆ. ನಾನು ತೆರೆದಿಟ್ಟ ಸೂರಿನ ಬಾಯಿಗೆ ನೇರವಾಗಿ ಎರಚಲು ಹೊಡೆಯಿತು. ಆ ಕಡೆಯನ್ನೂ ತಗಡಿನಿಂದ ಮುಚ್ಚಿ ಬಾಗಿಲಿಡಬೇಕೆಂದು ಆ ಹೊತ್ತಿಗೇ ನನಗೆ ಗೊತ್ತಾಯಿತು. ಮುಚ್ಚಿದರೆ ಆ ಜನ ಮತ್ತೆ ಹೊಂಗೆ ಮರಕ್ಕೆ. ನಾನು ಟಾರ್ಪಾಲನ್ನು ಪರದೆಯಂತೆ ಇಳಿಬಿಟ್ಟು, ಕೆಳತುದಿಯನ್ನು ದಿಂಡುಗಳಿಗೆ ಹಗ್ಗದಿಂದ ಬಿಗಿದು, ಸದ್ಯಕ್ಕೆ ಇಷ್ಟು ಸಾಕು ಎಂದುಕೊಂಡೆ.

ಒಂದು ಮಧ್ಯಾಹ್ನ ಸೈಲೆನ್ಸರ್ ಪೈಪು ತರಲು ಪೀಣ್ಯಕ್ಕೆ ಹೋದೆ. ಹಿಂತಿರುಗುವಾಗ ದಾರಿಯಲ್ಲೇ ಮಳೆ ಹಿಡಿಯಿತು. ಬಸ್ಸಿಳಿದು ಓಡಿಬಂದು ನೋಡುತ್ತೇನೆ: ಪರದೆಯ ಹಗ್ಗ ಕಿತ್ತು ಟಾರ್ಪಾಲು ಬಯಲಿನಲ್ಲಿ ಬಿದ್ದಿದೆ. ಸೊಪ್ಪಿನಮ್ಮ ಮತ್ತು ಸಂಗಡಿಗರು ಎರಚಲಿಗೆ ತೊಪ್ಪೆಯಾಗಿ ನಡುಗುತ್ತ ನಿಂತಿದ್ದಾರೆ. ಹಳ್ಳಿಯವರು ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ಮಡಿಸಿ ಮಳೆಗೆ ತಲೆಯ ಮೇಲೆ ಹೊದೆಯುವ ಕೊಪ್ಪೆ ಇರುತ್ತದಲ್ಲ, ಅದು ಒಬ್ಬರ ತಲೆಯ ಮೇಲೂ ಇಲ್ಲ. ಎಲ್ಲ ಕೊಪ್ಪೆಗಳೂ ಆಲ್ಟರ್ನೇಟರಿನ ಮೇಲಿವೆ.

"ಸಾ, ಮಿಷನ್ ನೆನೀತಿತ್ತು. ನಾವೇ ಕೊಪ್ಪೆ ಒದ್ಸಿದ್ವಿ," ಎಂದರು ಸೊಪ್ಪಿನಮ್ಮ. ಹಲ್ಲು ಕಟಕಟ ಅನ್ನುತ್ತಿದ್ದರೂ ಮುಖದಲ್ಲಿ ಹೆಮ್ಮೆ.

ದಾರಿಯುದ್ದಕ್ಕೂ ನೆನೆದು ಬಂದ ಕೊಪ್ಪೆಗಳು ಅವು. ಗೋಣಿ ನೀರು ಕುಡಿದು ಭಾರವಾಗಿ, ತೊಟ್ಟು ತೊಟ್ಟಾಗಿ ಜಾಲರಿಯ ಕಿಂಡಿಗಳೊಳಗೆ ಇಳಿಸುತ್ತಿತ್ತು. ಬರಿಯ ಎರಚಲಾಗಿದ್ದರೆ ಮೈಮೇಲೆ ಹರಿದು ಹೋಗುತ್ತಿತ್ತೇನೋ. ಇದು ನಿಂತು ಒಳಗಿಳಿದಿತ್ತು. ಒಂದೊಂದೇ ಕೊಪ್ಪೆ ತೆಗೆದು ಹಿಂಡಿ ಅವರವರ ಕೈಗೆ ಕೊಟ್ಟೆ. ಬಸ್ಸು ಬಂತು, ಹೋದರು. ನಾನು ಆ ಬಸ್ಸು ಹತ್ತಲಿಲ್ಲ.

ಬೆಳಿಗ್ಗೆ ಮೆಗ್ಗರ್ ಹಚ್ಚಿದೆ. ಅದು ಕೈಯಲ್ಲಿ ಹಿಡಿಕೆ ತಿರುಗಿಸುವ ಪೆಟ್ಟಿಗೆ. ತಂತಿಯ ಮೇಲಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಮುಳ್ಳು ತೋರಿಸುತ್ತದೆ. ಮುಳ್ಳು ಸೊನ್ನೆಯ ಹತ್ತಿರವೇ ತೂಕಡಿಸುತ್ತಿತ್ತು. ಈ ಸ್ಥಿತಿಯಲ್ಲಿ ಓಡಿಸಿದರೆ ಕತೆ ಮುಗಿಯಿತು. ಮಾಲೀಕರು ಸೆಟ್ಟು ಚಾಲೂ ಮಾಡುವ ಪೂಜೆಗೆ ದಿನ ಗೊತ್ತು ಮಾಡಿ ಆಗಿತ್ತು.

ಉಳಿದಿದ್ದ ತಗಡುಗಳನ್ನು ಆಲ್ಟರ್ನೇಟರಿನ ಸುತ್ತ ಒರಗಿಸಿ ಗೂಡು ಮಾಡಿದೆ. ಕೆಳಗೆ ಎರಡು ಬದಿಗೂ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟೆ. ಬೆಂಕಿ ಹತ್ತಿರವಾದರೆ ವಾರ್ನಿಶ್ ಕರಗುತ್ತದೆ, ದೂರವಾದರೆ ತೇವ ಹೋಗುವುದಿಲ್ಲ. ಮೈ ಮುಟ್ಟಿದರೆ ಕೈ ತಡೆದುಕೊಳ್ಳುವಷ್ಟು ಬಿಸಿ ಇರಬೇಕು. ಕಾದಾಗ ಮುಳ್ಳು ಮೊದಲು ಇನ್ನೂ ಕೆಳಗಿಳಿಯುತ್ತದೆ, ತೇವವೆಲ್ಲ ಆವಿಯಾಗಿ ಹೋದ ಮೇಲೆ ಏರುತ್ತದೆ. ಅದು ಗೊತ್ತಿದ್ದರೂ ಇಳಿಯುವ ಮುಳ್ಳನ್ನು ನೋಡುತ್ತ ಕೂರುವುದು ಕಷ್ಟ. ಪೀಣ್ಯದಲ್ಲಾದರೆ ಯಾರಾದರೂ ಬೆನ್ನು ತಟ್ಟುತ್ತಿದ್ದರು, ಬೈಯಲಾದರೂ ಒಬ್ಬರಿರುತ್ತಿದ್ದರು. ಇಲ್ಲಿ ನನ್ನ ಹೆದರಿಕೆ ನನ್ನೊಬ್ಬನದೇ ಆಗಿತ್ತು.

ಸಂಜೆ ಸೊಪ್ಪಿನಮ್ಮ ಬಂದು ಅಗ್ಗಿಷ್ಟಿಕೆ ಕಂಡು ಬುಟ್ಟಿ ಇಳಿಸಿದರು.

"ಇದೇನ್ ಸಾ, ಮಿಷನ್‌ಗೆ ಜರ ಬಂತಾ?"

"ಹೂಂ ಅಮ್ಮ. ತಂಡಿ ಹಿಡ್ದಿದೆ."

"ನಾವು ಒದ್ಸಿದ್ವಲ್ಲ. ಆದ್ರೂ ಬಂತಾ?"

ಅವರ ಮುಖದಲ್ಲಿ ನಿಜವಾದ ಕಳವಳವಿತ್ತು. ಕೊಪ್ಪೆಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ನೀವು ಹೊದಿಸದೆ ಇದ್ದಿದ್ರೆ ಇನ್ನೂ ಜಾಸ್ತಿ ಆಗ್ತಿತ್ತು," ಎಂದೆ.

ಆಕೆ ಸಮಾಧಾನಗೊಂಡು, ಸೊಪ್ಪಿನ ಕಟ್ಟೊಂದರಿಂದ ಒಣಕಡ್ಡಿ ಆರಿಸಿ ಅಗ್ಗಿಷ್ಟಿಕೆಗೆ ಹಾಕಿದರು. "ಮುಂದಿನ್ ಸಲ ಮಳೆ ಬಂದ್ರೆ ಇನ್ನೂ ನಾಲ್ಕು ಗೋಣಿ ತತ್ತೀವಿ ಬುಡಿ," ಎಂದು ಅಭಯವನ್ನೂ ಕೊಟ್ಟರು.

ಮೂಡಣ ಮುಖವನ್ನು ಮುಚ್ಚಿಸಿಬಿಡಬೇಕೆಂದು ನಾನು ನಿರ್ಧರಿಸಿದ್ದು ಆ ಮಾತು ಕೇಳಿದ ಮೇಲೆ. ಅವರನ್ನು ತಡೆಯಬೇಕೆಂದರೆ ಅವರು ಮಾಡಿದ್ದೇನೆಂದು ಹೇಳಬೇಕು. ಅದು ನನ್ನಿಂದಾಗದು. ಒಂದು ಅಂಕಣವನ್ನಾದರೂ ಅವರಿಗೆ ಬಿಡಬಹುದೇ ಎಂದು ಅಳೆದು ನೋಡಿದೆ. ಒಂದು ಕಡೆ ರೇಡಿಯೇಟರಿನ ಬಿಸಿಗಾಳಿ ಹೊರಬೀಳಬೇಕು, ಇನ್ನೊಂದು ಕಡೆ ಡೀಸೆಲ್ ಡ್ರಮ್ಮು, ಅದರ ಪಕ್ಕ ಹಾಲಿನವರ ಬೀಡಿ. ಎಲ್ಲಿಯೂ ಜಾಗ ಹೊಂದಲಿಲ್ಲ. ಮುಳ್ಳು ಏರಿ ನಿಲ್ಲಬೇಕಾದಲ್ಲಿ ನಿಂತ ದಿನ ಫ್ಯಾಬ್ರಿಕೇಟರನ್ನು ಕರೆಸಿದೆ. ಅವನು ಮೂಡಣ ಮುಖಕ್ಕೆ ತಗಡು ಹೊಡೆದು, ಬೀಗ ಹಾಕುವ ಎರಡು ಬಾಗಿಲು ಕೂರಿಸಿದ. ಅಡ್ಡ ಬರುತ್ತಿದ್ದ ಸೈಕಲ್ ಪೈಪನ್ನು ಗ್ಯಾಸಿನಲ್ಲಿ ಕತ್ತರಿಸಿದ. ಅಷ್ಟು ದಿನ ಜನ ಕೂತು ಪೈಪಿನ ಬಣ್ಣ ಸವೆದು ಹೊಳೆಯುತ್ತಿತ್ತು. ಅದು ನೆಲಕ್ಕೆ ಬಿದ್ದ ಸದ್ದಿಗೆ ನನಗೆ ಅಳು ಬಂದಂತಾಯಿತು. ಬೆಂಕಿಯ ಕಿಡಿ ಕಣ್ಣಿಗೆ ಬೀಳುತ್ತದೆಂದು ತಿರುಗಿ ನಿಂತೆ.

ಸಂಜೆ ಅವರು ಬಂದರು. ಮುಚ್ಚಿದ ಬಾಗಿಲು ನೋಡಿದರು. ಯಾರೂ ಜಗಳ ತೆಗೆಯಲಿಲ್ಲ. "ಮಿಷನ್‌ಗೆ ಬೆಚ್ಚಗಾಯ್ತು ಬುಡಿ," ಎಂದರು ಸೊಪ್ಪಿನಮ್ಮ. ಮರುದಿನದಿಂದ ಅವರೆಲ್ಲ ಊರಿನಿಂದ ಇನ್ನೊಂದು ದಾರಿ ಹಿಡಿದರು. ವೈಟ್‌ಫೀಲ್ಡ್ ಕಡೆಯ ತಿರುವಿನಲ್ಲಿ ಚಹದಂಗಡಿಯೊಂದರ ಚಪ್ಪರವಿತ್ತಂತೆ, ಬಸ್ಸನ್ನು ಅಲ್ಲೇ ಹಿಡಿಯತೊಡಗಿದರು.

ಪೂಜೆಯ ದಿನ ಸೆಟ್ಟು ಮೊದಲ ಹೊಡೆತಕ್ಕೇ ಚಾಲೂ ಆಯಿತು. ವೋಲ್ಟೇಜು ಅಲುಗದೆ ನಿಂತಿತು. ಮಾಲೀಕರು ನಿಂಬೆಹಣ್ಣು ಕುಯ್ದು, ತೆಂಗಿನಕಾಯಿ ಒಡೆದು, ನನ್ನ ಕೈ ಕುಲುಕಿದರು. ಏನೋ ಹೇಳಿದರು ಕೂಡ. ತಗಡಿನ ಗೋಡೆಗಳ ನಡುವೆ ಇಂಜಿನ್ನಿನ ಅಬ್ಬರಕ್ಕೆ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ತಲೆಯಾಡಿಸಿದೆ.

ಆಮೇಲೆ ಹೊಸ ಯೂನಿಟ್ಟಿನ ಗೋಡೆ ಏಳುವವರೆಗೂ ನಾನು ಅಲ್ಲೇ ಇದ್ದೆ. ದಿನಾ ಸ್ವಲ್ಪ ಹೊತ್ತು ಸೆಟ್ಟು ಓಡಿಸುವುದು, ಎಣ್ಣೆ ನೋಡುವುದು, ಬೀಗ ಹಾಕುವುದು. ಮುಂಗಾರು ಹಿಡಿದ ಒಂದು ಸಂಜೆ ಬೀಗ ಹಾಕಿ ಬೀಗದಕೈ ಕಾವಲಿನವನಿಗೆ ಕೊಟ್ಟು ಹೊರಗೆ ಬಂದಾಗ ಮಳೆ ಶುರುವಾಯಿತು. ಬಸ್ಸಿಗೆ ಇನ್ನೂ ಹೊತ್ತು ಇತ್ತು. ನಾನೇ ನಿಂತು ಕಟ್ಟಿಸಿದ ಸೂರು ಬೆನ್ನ ಹಿಂದೆ, ಅದರ ಹೊರಗೆ ನಾನು. ಚೆನ್ನಾಗಿ ನೆನೆದೆ. ಬಸ್ಸು ಬಂತು. ಅಲ್ಲಿ ಈಗ ಸ್ಟಾಪೂ ಇಲ್ಲ, ಜನವೂ ಇಲ್ಲ. ಆದರೂ ಡ್ರೈವರು ಹಳೆಯ ರೂಢಿಯಲ್ಲಿ ನಿಲ್ಲಿಸಿದರು. ಕಂಡಕ್ಟರು ಮೆಟ್ಟಿಲಿನಿಂದ ಅದೇ ರೂಢಿಯಲ್ಲಿ ಕೂಗಿದರು.

"ಎಷ್ಟ್ ಜನ?"

"ಒಬ್ಬನೇ," ಎಂದೆ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಮುಂದುಗಡೆ ಹೆಂಗಸರ ನಡುವಿನಿಂದ ಪರಿಚಿತ ದನಿಯೊಂದು ಬಂತು. "ಸಾ, ಮಿಷನ್ ನೆನೀಲಿಲ್ವಲ್ಲ?"

"ಇಲ್ಲಮ್ಮ. ಅದು ಬೆಚ್ಚಗಿದೆ."

ಅಲ್ಲಿ ಸ್ವಲ್ಪ ಗುಸುಗುಸು ನಡೆಯಿತು. ಆಮೇಲೆ ಒಂದು ಗೋಣಿ ಕೊಪ್ಪೆ ತಲೆಗಳ ಮೇಲಿಂದ ಕೈಯಿಂದ ಕೈಗೆ ದಾಟುತ್ತ ಹಿಂದಕ್ಕೆ ಬಂತು. ದಾರಿಯಲ್ಲಿ ಎಲ್ಲರ ಮೇಲೂ ನೀರು ಸುರಿಸಿ ಬೈಗುಳ ತಿಂದುಕೊಂಡೇ ಬಂತು. ನನಗಿಂತ ಅದೇ ಹೆಚ್ಚು ಒದ್ದೆಯಾಗಿತ್ತು. ನಾನು ಅದನ್ನು ತಲೆಯ ಮೇಲೆ ಹೊದ್ದುಕೊಂಡೆ. ಪಕ್ಕದಲ್ಲಿದ್ದವನು ಬಸ್ಸಿನೊಳಗೆ ಕೊಪ್ಪೆ ಹೊದ್ದವನನ್ನು ನೋಡಿ ನಕ್ಕ. ನಾನು ತೆಗೆಯಲಿಲ್ಲ.

ಮಾರತ್ತಹಳ್ಳಿಯಲ್ಲಿ ಆಕೆ ಇಳಿದಾಗ ಕೊಪ್ಪೆಯನ್ನು ಕಿಟಕಿಯಿಂದ ವಾಪಸ್ ಕೊಟ್ಟೆ. ಹೊರಗೆ ಮಳೆ ಜೋರಾಗಿತ್ತು, ಅವರಿಗೂ ಅದು ಬೇಕಿತ್ತು. ಕೋಣೆ ಸೇರಲು ನನಗೆ ಇನ್ನೂ ಎರಡು ಬಸ್ಸು ಹತ್ತುವುದಿತ್ತು.